ಕಾಯುವಾಗ ನಮ್ಮ ನಾಯಿ, ಬಿಸಿಲಿಗೆ ಬಿದ್ದಾಗ ಯಾರ ನಾಯಿ?

1/9

ಮೊದಲ ಫೋಟೋ ನೋಡಿ. ಮೈಗೆಲ್ಲ ಬೂದಿ ಮೆತ್ಕೊಂಡು, ಬಾಲದೊಳಗೆ ಮೂಗು ತುರುಕಿಕೊಂಡು ಮಲಗಿರೋನು ನಮ್ಮ ಕರಿಯ. ಇವತ್ತು ಬೆಳಿಗ್ಗೆ ಆರೂಮುಕ್ಕಾಲಿಗೆ ಆಲೆಮನೆ ಹತ್ತಿರ ತೆಗೆದದ್ದು. ರಾತ್ರಿ ಬೆಲ್ಲದ ಕೊಪ್ಪರಿಗೆ ಇಳಿಸಿದ ಮೇಲೂ ಒಲೆಯ ಬೂದಿ ಬೆಳಗಿನವರೆಗೆ ಬೆಚ್ಚಗಿರುತ್ತೆ. ಈ ಚಳಿಗಾಲದಲ್ಲಿ ಊರಿನ ಅರ್ಧ ನಾಯಿಗಳಿಗೆ ಅದೇ ಕಂಬಳಿ.

ಹೋದ ವಾರ ಇವನ ಫೋಟೋ ಹಾಕಿದಾಗ ಒಬ್ಬರು ಕಾಮೆಂಟ್ ಹಾಕಿದ್ರು, ಹಳ್ಳಿ ನಾಯಿಗಳೇ ಪುಣ್ಯವಂತರು, ಬೇಕಾದ ಕಡೆ ಓಡಾಡ್ಕೊಂಡು ಆರಾಮಾಗಿರ್ತವೆ ಅಂತ. ನಾನೂ ಒಂದು ಹಾರ್ಟ್ ಒತ್ತಿದೆ. ಆಮೇಲೆ ರಾತ್ರಿಯೆಲ್ಲ ಅದೇ ತಲೇಲಿ ಕೊರೀತಾ ಇತ್ತು. ಯಾಕಂದ್ರೆ ಆ ಮಾತು ಅರ್ಧ ನಿಜ. ಇನ್ನರ್ಧ ಏನು ಅನ್ನೋದು ನನಗೆ ಗೊತ್ತು, ಮತ್ತೆ ಅದರಲ್ಲಿ ನನ್ನ ತಪ್ಪೂ ಇದೆ.

ಅದಕ್ಕೇ ಈ ಸಲ ಒಂಬತ್ತು ಭಾಗ. ಉದ್ದ ಆಯ್ತು, ಕ್ಷಮಿಸಿ. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

2/9

ಹೊಸಬರಿಗೆ ಹೇಳಿಬಿಡ್ತೀನಿ. ನಮ್ಮೂರು ಹೊಳಲು, ಮಂಡ್ಯ ತಾಲ್ಲೂಕು. ಹಳಗನ್ನಡದಲ್ಲಿ ಪೊೞಲ್ ಅಂದ್ರೆ ಪಟ್ಟಣ ಅಂತ ಅರ್ಥವಂತೆ. ಈಗ ನಮಗೆ ಪಟ್ಟಣ ಅಂದ್ರೆ ಮಂಡ್ಯ. ನಾನು ದಿನಾ ಬಸ್ಸು ಹತ್ತಿ ಹೋಗಿ ಬಿ.ಕಾಂ ಓದಿ ಬರ್ತೀನಿ. ಮನೇಲಿ ಅಪ್ಪ, ಅಮ್ಮ, ಅಜ್ಜಿ, ಎರಡು ಹಸು, ಸ್ವಲ್ಪ ಕಬ್ಬು, ಸ್ವಲ್ಪ ಭತ್ತ, ಮತ್ತೆ ಕರಿಯ.

ಕರಿಯನ ಡ್ಯೂಟಿ ಬೆಳಿಗ್ಗೆ ಐದಕ್ಕೆ ಶುರು. ಅಪ್ಪನ ಜೊತೆ ಗದ್ದೆಗೆ ಹೋಗ್ತಾನೆ. ಕಬ್ಬಿನೊಳಗೆ ಹಂದಿ ಇದ್ರೆ ಮೊದಲು ಗೊತ್ತಾಗೋದು ಅವನಿಗೆ. ಬದುವಿನ ಮೇಲೆ ಹಾವಿದ್ರೆ ನಾಲ್ಕು ಹೆಜ್ಜೆ ಹಿಂದಕ್ಕೇ ನಿಂತು ಒಂಥರಾ ಬೇರೆ ದನೀಲಿ ಬೊಗಳ್ತಾನೆ. ಆ ದನಿ ಕೇಳಿದ್ರೆ ಅಪ್ಪ ಕಾಲು ಮುಂದಿಡಲ್ಲ. ರಾತ್ರಿ ಪಂಪ್‌ಸೆಟ್ ಹತ್ತಿರ ಯಾರೇ ಸುಳಿದರೂ ಇಡೀ ಬೀದಿಗೆ ಸುದ್ದಿ.

ಇಷ್ಟೆಲ್ಲ ಕೆಲಸಕ್ಕೆ ಸಂಬಳ ಎರಡು ಹೊತ್ತು ರಾಗಿ ಮುದ್ದೆ, ಉಳಿದ ಸಾರು. ಭಾನುವಾರ ಮೂಳೆ.

ನಮ್ಮ ಮನೆ ಅಂತ ಅಲ್ಲ, ಎಲ್ಲರ ಮನೇಲೂ ಹೀಗೇ. ಅದಕ್ಕೇ ಒಂದು ಪ್ರಶ್ನೆ. ಇಷ್ಟು ದುಡಿಯೋ ಜೀವ ಬಿಸಿಲು, ಮಳೆ, ಚಳಿಗೆ ಸಿಕ್ಕಾಗ ನಾವು ಏನು ಮಾಡ್ತೀವಿ? ನಮ್ಮ ಮನೇಲಿ ಉತ್ತರ ರೆಡಿ ಇರುತ್ತೆ: "ಬುಡವ್ವ, ನಾಯಿಗೇನಾದದು? ಎಂಗೋ ಬದುಕ್ಕತ್ತದೆ."

ಈ 'ಎಂಗೋ' ಅನ್ನೋ ಪದದ ಮೇಲೇ ನನ್ನ ಜಗಳ.

3/9

2023 ನೆನಪಿದೆಯಲ್ವಾ? ಆ ವರ್ಷ ಕೆಆರ್‌ಎಸ್ ತುಂಬಲೇ ಇಲ್ಲ. ಸೆಪ್ಟೆಂಬರ್‌ನಲ್ಲಿ ಮಂಡ್ಯ ಪೂರ್ತಿ ಕಾವೇರಿ ಚಳವಳಿ, ಬಂದ್, ರಸ್ತೆ ತಡೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸ್ತು. ನಾನಾಗ ಸೆಕೆಂಡ್ ಪಿಯುಸಿ. ಪರೀಕ್ಷೆ ಮುಗಿಸಿ ಮನೇಲಿ ಕೂರೋ ಹೊತ್ತಿಗೆ 2024ರ ಬೇಸಿಗೆ. ನಾಲೇಲಿ ನೀರಿಲ್ಲ, ತಳದ ಮಣ್ಣು ಹಪ್ಪಳದ ಥರ ಎದ್ದಿತ್ತು.

ಮನುಷ್ಯರಿಗೆ ನೀರಿನ ಕಷ್ಟ ಬಂದಾಗ ಟಿವಿ ಬರುತ್ತೆ, ಟ್ಯಾಂಕರ್ ಬರುತ್ತೆ. ಹಸುಗೆ ಕಷ್ಟ ಬಂದ್ರೆ ಹಾಲು ಕಮ್ಮಿ ಆಗುತ್ತೆ, ಅದಕ್ಕೆ ಹೇಗಾದ್ರೂ ಮಾಡಿ ಎರಡು ಬಿಂದಿಗೆ ಹೊಂದಿಸ್ತೀವಿ. ನಾಯಿ ನೀರು ಕುಡೀತಿದ್ದದ್ದು ಎಲ್ಲಿ ಅಂತ ನಾವು ಯಾವತ್ತೂ ಯೋಚನೆ ಮಾಡಿರಲಿಲ್ಲ. ನಾಲೆಯ ಗುಂಡಿಯಲ್ಲಿ, ಗದ್ದೆಯ ಕಾಲುವೇಲಿ, ಕೊಳಾಯಿ ಕೆಳಗಿನ ಹಳ್ಳದಲ್ಲಿ. ಆ ವರ್ಷ ಮೂರೂ ಒಣಗಿದ್ವು.

ಒಂದು ದಿನ ನಾನು ಬಕೆಟ್‌ನಿಂದ ಕರಿಯನಿಗೆ ಒಂದು ಚೊಂಬು ನೀರು ಹೊಯ್ದಾಗ ಅಜ್ಜಿ ಗದರಿದ್ರು: "ಮನ್ಸ್ರಿಗೇ ನೀರ್ಗೆ ತತ್ವಾರ, ನಾಯ್ಗ್ ಚೆಲ್ತಾವ್ಳೆ." ಅಜ್ಜಿ ಕೆಟ್ಟೋರಲ್ಲ. ದೂರದಿಂದ ನೀರು ಹೊತ್ತು ಹೊತ್ತು ಸೊಂಟ ಬಿದ್ದ ಹೆಂಗಸು ಅವರು. ಅವರ ಲೆಕ್ಕದಲ್ಲಿ ಪ್ರತಿ ಚೊಂಬಿಗೂ ಬೆಲೆ ಇದೆ. ನಾನು ಆವತ್ತು ವಾದ ಮಾಡಲಿಲ್ಲ. ಅವರು ಹೇಳಿದ್ದು ಸರಿ ಅಂತಲೇ ಅನ್ನಿಸ್ತು. ಹದಿನೈದು ದಿನ ಬಿಟ್ಟು ಹಾಗೆ ಅನ್ನಿಸಲಿಲ್ಲ.

4/9

2024ರ ಏಪ್ರಿಲ್ 26. ಮಂಡ್ಯ ಲೋಕಸಭಾ ಕ್ಷೇತ್ರದ ಮತದಾನ. ನನ್ನ ಜೀವನದ ಮೊದಲ ವೋಟು. ಬೆರಳಿಗೆ ಶಾಯಿ ಹಾಕಿಸ್ಕೊಂಡು ಸ್ಟೋರಿ ಹಾಕಿದ್ದೆ, ಹಳಬರಿಗೆ ನೆನಪಿರಬಹುದು. ಆ ದಿನದ ಇನ್ನೊಂದು ಕಥೆ ಹಾಕಿರಲಿಲ್ಲ.

ನಮ್ಮ ಬೀದೀಲೇ ಜನ ವೋಟಿಗೆ ಓಡಾಡ್ತಾರೆ, ಕರಿಯ ಅಪರಿಚಿತರ ಮೇಲೆ ಬೀಳ್ತಾನೆ ಅಂತ ಅಪ್ಪ ಬೆಳಿಗ್ಗೆ ಅವನನ್ನು ಕಟ್ಟಿ ಹಾಕು ಅಂದ್ರು. ಕಟ್ಟಿದ್ದು ನಾನೇ. ಮನೆಯ ಪಡುವಣ ಗೋಡೆ ಪಕ್ಕ ತಂಪಾಗಿ ನೆರಳಿತ್ತು. ಹಸುವಿನ ಹಳೇ ಸರಪಳಿ, ಎರಡು ಮೊಳ ಇರಬಹುದು. ಒಂದು ಡಬ್ಬಿ ನೀರು ಇಟ್ಟೆ. ವೋಟು ಹಾಕಿ ಎಲ್ಲರೂ ಮಳವಳ್ಳಿ ಕಡೆ ನೆಂಟರ ಗೃಹಪ್ರವೇಶಕ್ಕೆ ಹೋದ್ವಿ.

ಪಡುವಣ ಗೋಡೆಗೆ ಬೆಳಿಗ್ಗೆ ನೆರಳು. ಮಧ್ಯಾಹ್ನ ಆದ್ಮೇಲೆ ಅದೇ ಗೋಡೆಗೆ ಪೂರ್ತಿ ಬಿಸಿಲು. ಇಷ್ಟು ಸಣ್ಣ ವಿಷಯ ನನಗೆ ಹೊಳೀಲಿಲ್ಲ.

ಮೂರೂವರೆಗೆ ವಾಪಸ್ ಬಂದಾಗ ಡಬ್ಬಿ ಸರಪಳಿಗೆ ಸಿಕ್ಕಿ ಬಿದ್ದು ಉರುಳಿತ್ತು. ನೆಲದಲ್ಲಿ ತೇವ ಕೂಡ ಇರಲಿಲ್ಲ. ಕರಿಯ ಪಕ್ಕಕ್ಕೆ ಬಿದ್ದಿದ್ದ. ನಾಲಿಗೆ ಪೂರ್ತಿ ಹೊರಗೆ, ಒಸಡು ಕೆಂಪು ಇಟ್ಟಿಗೆ ಬಣ್ಣ, ಬಾಯಲ್ಲಿ ಅಂಟು ಜೊಲ್ಲು. ಹೆಸರು ಕರೆದ್ರೆ ಕಣ್ಣು ತಿರುಗಿಸಲಿಲ್ಲ. ಕಪ್ಪು ಮೈ, ಮುಟ್ಟಿದ್ರೆ ಬಾಣಲಿ ಮುಟ್ಟಿದ ಹಾಗೆ.

ಪರಿಚಯದ ಪಶುವೈದ್ಯರಿಗೆ ಫೋನ್ ಮಾಡಿದೆ. ಮೊದಲು ನೆರಳಿಗೆ ಹಾಕಿ, ಮೈಗೆಲ್ಲ ಸಾದಾ ನೀರು ಹೊಯ್ದು ಗಾಳಿ ಬೀಸ್ತಾ ಇರಿ, ಐಸ್ ಬೇಡ, ಬಾಯಿಗೆ ನೀರು ಬಲವಂತವಾಗಿ ಹಾಕಬೇಡಿ, ಆಮೇಲೆ ಕರ್ಕೊಂಡು ಬನ್ನಿ ಅಂದ್ರು. ನೀರು ತಂದು ಹೊಯ್ದದ್ದು ಯಾರು ಗೊತ್ತಾ? ಅಜ್ಜಿ. ಕುಡಿಯೋಕೆ ಅಂತ ತುಂಬಿಸಿಟ್ಟಿದ್ದ ಹಂಡೆ ಖಾಲಿ ಆಗೋವರೆಗೂ ಹೊಯ್ದರು. ಒಂದು ಮಾತೂ ಆಡಲಿಲ್ಲ. ನಾನು ಮೊರದಲ್ಲಿ ಗಾಳಿ ಬೀಸ್ತಾ ಅಳ್ತಾ ಇದ್ದೆ.

ಬದುಕಿದ. ಆದ್ರೆ 'ಎಂಗೋ' ಬದುಕಿದ್ದಲ್ಲ. ಒಂದು ಹಂಡೆ ನೀರು, ಒಂದು ಫೋನು, ಎರಡು ಡ್ರಿಪ್ಪು ಸೇರಿ ಬದುಕಿಸಿದ್ದು. ಇನ್ನೊಂದು ಗಂಟೆ ತಡವಾಗಿ ಬಂದಿದ್ರೆ ಈ ಸರಣಿಯೇ ಇರ್ತಿರಲಿಲ್ಲ.

5/9

ಆಮೇಲೆ ನಾನು ಓದಿ ತಿಳ್ಕೊಂಡದ್ದು. ನಮ್ಮ ಮೈ ಶಾಖ ಸುಮಾರು 37 ಡಿಗ್ರಿ. ನಾಯಿಗೆ ಸಹಜವಾಗಿಯೇ 38ರಿಂದ 39ರ ಆಸುಪಾಸು. ನಮಗೆ ಮೈಯೆಲ್ಲ ಬೆವರುತ್ತೆ, ನಾಯಿಗೆ ಬೆವರೋದು ಅಂಗಾಲಲ್ಲಿ ಮಾತ್ರ. ಅದಕ್ಕೆ ತಂಪಾಗೋಕೆ ಇರೋ ಮುಖ್ಯ ದಾರಿ ತೇಕೋದು. ತೇಕೋದು ಕೆಲಸ ಮಾಡಬೇಕು ಅಂದ್ರೆ ಬಾಯಿ, ನಾಲಿಗೆ ಒದ್ದೆ ಇರಬೇಕು. ಅಂದ್ರೆ ಕುಡಿಯೋಕೆ ನೀರಿರಬೇಕು. ನೀರೂ ಇಲ್ಲ, ನೆರಳಿಗೆ ಸರಿಯೋಕೆ ಜಾಗವೂ ಇಲ್ಲ ಅಂದ್ರೆ, ಅದು ಸಾಯೋಕೆ ಕಟ್ಟಿ ಹಾಕಿದ ಹಾಗೆ.

ಬಿಟ್ಟ ನಾಯಿ ತನ್ನ ಜಾಗ ತಾನೇ ಹುಡುಕುತ್ತೆ. ಬಾಳೆ ಬುಡ, ಬಚ್ಚಲ ಹಿಂದೆ, ಟ್ರ್ಯಾಕ್ಟರ್ ಟ್ರೇಲರ್ ಕೆಳಗೆ. ಮೇಲಿನ ಬಿಸಿ ಮಣ್ಣು ಕೆರೆದು ಒಳಗಿನ ತಣ್ಣನೆ ಮಣ್ಣಿಗೆ ಹೊಟ್ಟೆ ಹಚ್ಚುತ್ತೆ. ಬಿಸಿಲಿಗೆ ದಾರಿ ಅದಕ್ಕೆ ಗೊತ್ತಿದೆ. ಆ ದಾರಿ ಮುಚ್ಚೋದು ನಮ್ಮ ಸರಪಳಿ.

ಇದಕ್ಕೆ ಕಾನೂನೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳೀಲಿ ಹೊತ್ತುಗಟ್ಟಲೆ ಕಟ್ಟೋದು ಅಪರಾಧ. ಸಾಕಿದವರು ಸಾಕಷ್ಟು ಊಟ, ನೀರು, ನೆರಳು ಕೊಡದೇ ಇರೋದೂ ಅಪರಾಧ. ಮೊದಲ ತಪ್ಪಿಗೆ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. 1960ರಲ್ಲಿ ಅದು ದುಡ್ಡು. ಈಗ ಒಂದು ಪ್ಲೇಟ್ ಗೋಬಿಗೂ ಸಾಲಲ್ಲ. ಹಾಗಾಗಿ ಕಾನೂನು ಬಂದು ನಮ್ಮ ನಾಯೀನ ಕಾಯುತ್ತೆ ಅಂತ ಕೂರೋ ಹಾಗಿಲ್ಲ.

ಬಿ.ಕಾಂ ಬುದ್ಧಿ ಬಿಡಲ್ಲ, ಲೆಕ್ಕ ಹಾಕಿದೆ. ನಮ್ಮ ಮನೆ ಪುಸ್ತಕದಲ್ಲಿ ಹಸು ಆಸ್ತಿ, ಪಂಪ್‌ಸೆಟ್ ಆಸ್ತಿ. ನಾಯಿ ಆಸ್ತಿ ಕಾಲಮ್ಮಲ್ಲೂ ಇಲ್ಲ, ಖರ್ಚಿನ ಕಾಲಮ್ಮಲ್ಲೂ ಇಲ್ಲ. ಪುಸ್ತಕದಲ್ಲೇ ಇಲ್ಲದ್ದು ಕಳೆದುಹೋದ್ರೆ ನಷ್ಟ ಅಂತಲೂ ಬರೆಯಲ್ಲ. ಒಂದು ಅಗಲ ಬಾಯಿಯ ಮಣ್ಣಿನ ಬಾನಿ ಮತ್ತೆ ಹತ್ತು ಮೊಳ ಹಗ್ಗದ ಖರ್ಚು, ಆವತ್ತು ಡ್ರಿಪ್ಪಿಗೆ ಕೊಟ್ಟದ್ದರ ಕಾಲು ಭಾಗವೂ ಆಗಲಿಲ್ಲ.

6/9

ಬಿಸಿಲಾಯ್ತು, ಇನ್ನು ಮಳೆ. 2024ರ ಜುಲೈನಲ್ಲಿ ಕೆಆರ್‌ಎಸ್ 124.80 ಅಡಿ ತುಂಬಿತು. 2025ರಲ್ಲಂತೂ ಜೂನ್ ತಿಂಗಳಲ್ಲೇ ತುಂಬಿ ದಾಖಲೆ ಆಯ್ತು, ಜೂನ್ 30ಕ್ಕೆ ಮುಖ್ಯಮಂತ್ರಿಗಳು ಬಾಗಿನ ಬಿಟ್ಟರು. ಎರಡು ವರ್ಷದ ಹಿಂದೆ ಒಡೆದು ನಿಂತಿದ್ದ ನಾಲೆ ತುಂಬಿ ಹರೀತಾ ಇತ್ತು. ಊರಿಗೆ ಊರೇ ಖುಷಿ. ನಾನೂ ಖುಷಿಯಾಗಿ ರೀಲ್ ಮಾಡಿದೆ.

ಆದ್ರೆ ಮಳೆ ಹಿಡಿದ್ರೆ ನಾಯಿಗೆ ಬೇರೆ ಥರದ ಕಷ್ಟ. ಮೂರನೇ ಫೋಟೋದಲ್ಲಿ ಕರಿಯನ ಕಿವಿ ನೋಡಿ, ಉಣ್ಣೆ. ಉಣ್ಣೆಯಿಂದ ಜ್ವರ ಬರುತ್ತೆ, ಊಟ ಬಿಡುತ್ತೆ, ಮೂಗಲ್ಲಿ ರಕ್ತ ಬರೋದೂ ಉಂಟು. ನಮ್ಮ ಕಡೆ 'ನಾಯಿ ಯಾಕೋ ಸೊರಗ್ತು, ಸತ್ತೋಯ್ತು' ಅಂತಾರಲ್ಲ, ಅದರಲ್ಲಿ ಎಷ್ಟೋ ಈ ಜ್ವರವೇ ಇರಬಹುದು ಅನ್ನೋದು ನನ್ನ ಅನುಮಾನ. ಇನ್ನೊಂದು ಇಲಿ ಜ್ವರ. ಇಲಿ ಉಚ್ಚೆ ಸೇರಿದ ನಿಂತ ನೀರಿಂದ ಬರುತ್ತೆ. ಗದ್ದೆ ಕೆಸರಲ್ಲಿ ಬರಿಗಾಲಲ್ಲಿ ನಾಟಿ ಹಾಕೋ ನಮ್ಮಮ್ಮನಿಗೂ ಬರಬಹುದು, ಅದೇ ಗದ್ದೇಲಿ ಓಡೋ ನಾಯಿಗೂ ಬರಬಹುದು. ನಾಯಿಯಿಂದ ಮನುಷ್ಯರಿಗೂ ದಾಟಬಹುದು. ಅಂದ್ರೆ ನಾಯಿ ಆರೋಗ್ಯ ನೋಡೋದು ದಯೆ ಮಾತ್ರ ಅಲ್ಲ, ಮನೆಯೋರ ಆರೋಗ್ಯವೂ ಹೌದು.

ಪಶುಸಂಗೋಪನೆ ಇಲಾಖೆಯ ಪಶು ಸಂಜೀವಿನಿ ಆಂಬ್ಯುಲೆನ್ಸ್ ಇದೆ, ನಂಬರು 1962. ಹಸುಗೆ ಹುಷಾರಿಲ್ಲ ಅಂದ್ರೆ ಇದಕ್ಕೆ ಫೋನ್ ಮಾಡೋರು ಊರಲ್ಲಿ ತುಂಬಾ ಜನ ಇದ್ದಾರೆ. ನಾಯಿಗೆ ಅಂತ ಮಾಡಿದೋರನ್ನ ನಾನು ನೋಡಿಲ್ಲ. ಮಾಡೋಕೆ ನಾಚಿಕೆ. 'ನಾಯಿಗೆ ಡಾಕ್ಟ್ರಾ' ಅಂತ ನಗ್ತಾರೆ ಅನ್ನೋ ಭಯ.

7/9

ಈ ಭಾಗ ಬರೆಯೋದು ಬೇಡ ಅಂತ ಎರಡು ದಿನ ಬಿಟ್ಟಿದ್ದೆ.

ನಮ್ಮ ಕಡೆ ಕಾರ್ತಿಕ ಮಾಸ ಅಂದ್ರೆ ನಾಯಿಗಳ ಕಾಲ. ಹೆಣ್ಣು ನಾಯಿ ಹೊಟ್ಟೇಲಿ ಮರಿ ಇರೋದು ಸುಮಾರು 63 ದಿನ. ಲೆಕ್ಕ ಹಾಕಿ. ಮರಿ ಹುಟ್ಟೋದು ಸರಿಯಾಗಿ ಪುಷ್ಯದ ಚಳೀಲಿ. ಕಣ್ಣು ಬಿಡದ ಮರಿಗೆ ತನ್ನ ಮೈ ಶಾಖ ತಾನೇ ಕಾಯ್ದುಕೊಳ್ಳೋ ಶಕ್ತಿ ಇರಲ್ಲ. ತಾಯಿ ಹೊಟ್ಟೆ ಬಿಟ್ಟರೆ ಬೇರೆ ಕಂಬಳಿ ಇಲ್ಲ.

ಕರಿಯ ಹುಟ್ಟಿದ್ದೂ ಅಂಥದೇ ಚಳೀಲಿ, ನಮ್ಮ ಹುಲ್ಲಿನ ಮೆದೆ ಪಕ್ಕ. ಐದು ಮರಿ. ಎರಡು ಗಂಡು, ಮೂರು ಹೆಣ್ಣು. ಒಂದು ಗಂಡನ್ನು ನಾವಿಟ್ಟುಕೊಂಡ್ವಿ, ಇನ್ನೊಂದನ್ನು ಪಕ್ಕದ ಮನೆಯೋರು ಕೇಳಿ ತಗೊಂಡ್ರು. ಹೆಣ್ಣು ಮರಿ ಯಾರೂ ಕೇಳಲಿಲ್ಲ. ಹೆಣ್ಣಾದ್ರೆ ಮತ್ತೆ ಮರಿ ಹಾಕುತ್ತೆ, ಬೀದಿ ಗಂಡುನಾಯಿಗಳೆಲ್ಲ ಬಾಗಿಲಿಗೆ ಬರ್ತವೆ ಅಂತ. ತಿಂಗಳು ತುಂಬೋ ಹೊತ್ತಿಗೆ ಒಂದು ಸಂಜೆ ಮೂರನ್ನೂ ಚೀಲದಲ್ಲಿ ಹಾಕಿ ನಾಲೆ ಏರಿ ಮೇಲೆ ಬಿಟ್ಟು ಬಂದರು. 'ಯಾರಾದ್ರೂ ತಗೊಂಡೋಗ್ತಾರೆ' ಅಂದ್ರು. ಬೆಳಿಗ್ಗೆ ನಾನು ಸೈಕಲ್‌ನಲ್ಲಿ ಹೋಗಿ ನೋಡಿದೆ. ಒಂದು ಅಲ್ಲೇ ಇತ್ತು, ಇಬ್ಬನಿಯಲ್ಲಿ ಒದ್ದೆಯಾಗಿ, ಸೆಟೆದು. ಇನ್ನೆರಡು ಕಾಣಲಿಲ್ಲ. ಸೈಕಲ್ ತಿರುಗಿಸಿಕೊಂಡು ಮನೆಗೆ ಬಂದೆ. ಮನೇಲಿ ಯಾರಿಗೂ ಹೇಳಲಿಲ್ಲ.

ಮಂಡ್ಯ ಜಿಲ್ಲೆ ಹೆಣ್ಣು ಭ್ರೂಣ ಹತ್ಯೆ ವಿಷಯದಲ್ಲಿ 2023ರಲ್ಲಿ ದೇಶಕ್ಕೆಲ್ಲ ಸುದ್ದಿಯಾಯ್ತು. ಆಲೆಮನೆಯೊಂದರಲ್ಲೇ ಸ್ಕ್ಯಾನಿಂಗ್ ಮಾಡ್ತಿದ್ದರು ಅಂತ ಬಯಲಾಯ್ತು. ಎರಡನ್ನೂ ಒಂದೇ ತಕ್ಕಡೀಲಿ ತೂಗಲ್ಲ, ತೂಗಬಾರದು. ಆದ್ರೆ ಆ ಸುದ್ದಿ ಓದಿದ ದಿನ ನನಗೆ ನಾಲೆ ಏರಿ ನೆನಪಾಯ್ತು. ಹೆಣ್ಣು ಅಂದ ತಕ್ಷಣ 'ಖರ್ಚು' ಅಂತ ಲೆಕ್ಕ ಹಾಕೋ ಬುದ್ಧಿ ನಮಗೆ ಎಷ್ಟು ಆಳಕ್ಕೆ ಇಳಿದಿದೆ ಅಂತ.

ಇದಕ್ಕೆ ದಾರಿ ಸಂತಾನಹರಣ ಚಿಕಿತ್ಸೆ. ಮರಿ ಹುಟ್ಟಿಸಿ ಚಳಿಗೆ ಬಿಸಾಕೋದಕ್ಕಿಂತ ಹುಟ್ಟದ ಹಾಗೆ ನೋಡ್ಕೊಳ್ಳೋದು ಎಷ್ಟೋ ಮೇಲು.

8/9

ಈಗ ನೀವು ಕೇಳೋ ಪ್ರಶ್ನೆ ಗೊತ್ತು. 'ನಾಯಿ ಬಗ್ಗೆ ಇಷ್ಟು ಅಳ್ತೀಯಲ್ಲ, ಕಚ್ಚಿಸ್ಕೊಂಡ ಮಕ್ಕಳ ಬಗ್ಗೆ?'

ನ್ಯಾಯವಾದ ಪ್ರಶ್ನೆ. ಹೋದ ವರ್ಷ ನಮ್ಮ ಬೀದಿಯ ಏಳು ವರ್ಷದ ಹುಡುಗನಿಗೆ ನಾಯಿ ಕಚ್ಚಿತು. ಮೀನಖಂಡ ಹರಿದಿತ್ತು. ಅವನು ಈಗಲೂ ನಾಯಿ ಕಂಡ್ರೆ ಅಮ್ಮನ ಸೆರಗು ಹಿಡ್ಕೋತಾನೆ. ಆ ಅಮ್ಮನಿಗೆ ಹೋಗಿ ಪ್ರಾಣಿದಯೆ ಪಾಠ ಹೇಳೋ ಮುಖ ನನಗಿಲ್ಲ. ರೇಬೀಸ್ ಲಕ್ಷಣ ಶುರುವಾದ್ರೆ ಬದುಕೋದು ಇಲ್ಲ ಅಂತಲೇ ಅಂದ್ಕೊಳ್ಳಿ. ಕಚ್ಚಿದ ತಕ್ಷಣ ಗಾಯಾನ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೀಬೇಕು, ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಬೇಕು. ಅರಿಶಿನ, ಸುಣ್ಣ, ಮಂತ್ರ ಯಾವುದೂ ಬೇಡ.

ಆದ್ರೆ ಆವತ್ತು ನಡೆದದ್ದು ಕೇಳಿ. ಕಚ್ಚಿದ ನಾಯಿಗೆ ಮೂರು ಮನೆಯೋರು ಊಟ ಹಾಕ್ತಿದ್ರು. ರಾತ್ರಿ ಅದು ಬೊಗಳಿದ್ರೆ ಮೂರು ಮನೆಗೂ ಧೈರ್ಯ. ಕಚ್ಚಿದ ಮೇಲೆ ಮೂವರೂ 'ಅದು ನಮ್ದಲ್ಲ' ಅಂದ್ರು. ಲಸಿಕೆ ಹಾಕ್ಸಿದೀರಾ ಅಂತ ಕೇಳಿದ್ದಕ್ಕೆ ಒಬ್ಬರ ಮುಖ ಒಬ್ಬರು ನೋಡಿದ್ರು. ಕಾಯುವಾಗ ನಮ್ಮ ನಾಯಿ, ಕಚ್ಚಿದಾಗ ಬೀದಿ ನಾಯಿ.

2025ರಲ್ಲಿ ಬೀದಿ ನಾಯಿ ವಿಷಯ ಸುಪ್ರೀಂ ಕೋರ್ಟಲ್ಲಿ ಎಷ್ಟು ಚರ್ಚೆ ಆಯ್ತು ನೋಡಿದ್ರಿ. ಆಗಸ್ಟ್ 11ರ ಆದೇಶ ದೆಹಲಿ ಸುತ್ತಲಿನ ನಾಯಿಗಳನ್ನ ಶೆಲ್ಟರ್‌ಗೆ ಹಾಕಿ ಅಂತು. 22ಕ್ಕೆ ಅದು ಬದಲಾಗಿ, ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ವಾಪಸ್ ಬಿಡಿ, ರೇಬೀಸ್ ಇರೋದನ್ನ, ತೀರಾ ಮೇಲೆ ಬೀಳೋದನ್ನ ಬಿಡಬೇಡಿ ಅಂತ ಆಯ್ತು. ಟಿವೀಲಿ ಒಂದು ಕಡೆ ಪ್ರೇಮಿಗಳು, ಇನ್ನೊಂದು ಕಡೆ ದ್ವೇಷಿಗಳು. ನಮ್ಮಂಥ ಊರಿನ ಮಾತು ಯಾರೂ ಆಡಲಿಲ್ಲ. ಇಲ್ಲಿ ಪೂರ್ತಿ ಬೀದಿ ನಾಯಿ ಅಂತಲೂ ಇಲ್ಲ, ಪೂರ್ತಿ ಸಾಕಿದ ನಾಯಿ ಅಂತಲೂ ಇಲ್ಲ. 2023ರ ನಿಯಮಗಳ ಪ್ರಕಾರ ಸಾಕಿದ ನಾಯಿಯ ಲಸಿಕೆ, ಸಂತಾನಹರಣ ಎರಡೂ ಸಾಕಿದವರ ಹೊಣೆ, ಬೀದಿ ನಾಯೀದು ಸ್ಥಳೀಯ ಸಂಸ್ಥೆಯ ಹೊಣೆ. ಇವೆರಡರ ನಡುವೆ ಇರೋ ನಾಯಿಗೆ? ಮುದ್ದೆ ಹಾಕಿದ ಕೈಯೇ ಹೊಣೆ ಹೊರಬೇಕು ಅಂತ ನನ್ನ ವಾದ. ಅದು ಆ ಹುಡುಗನಿಗೂ ನ್ಯಾಯ, ನಾಯಿಗೂ ನ್ಯಾಯ.

9/9

ಕೊನೇದು. ಪಕ್ಕದ ಮದ್ದೂರು ತಾಲ್ಲೂಕಿನ ಆತಕೂರಿನ ಹೆಸರು ಕೇಳಿದೀರಾ? ಕ್ರಿ.ಶ. 949–50ರ ಒಂದು ವೀರಗಲ್ಲು ಅಲ್ಲಿ ಸಿಕ್ಕಿದ್ದು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಲ್ಲಿದೆ. ತಕ್ಕೋಲದಲ್ಲಿ ಚೋಳರ ಮೇಲೆ ನಡೆದ ಯುದ್ಧದಲ್ಲಿ ಗಂಗರ ಬೂತುಗನ ಕಡೆಯ ಮಣಲೇರ ಅನ್ನೋ ವೀರ ಚೆನ್ನಾಗಿ ಕಾದಿದ. ಮೆಚ್ಚಿದ್ದೀನಿ, ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಒಂದು ಬೇಟೆ ನಾಯೀನ. ಹೆಸರು ಕಾಳಿ. ಆ ಕಾಳಿ ಬೆಳತೂರಿನ ಪಶ್ಚಿಮದ ದಿಬ್ಬದಲ್ಲಿ ಹಂದಿ ಜೊತೆ ಹೋರಾಡಿ, ಎರಡೂ ಸತ್ತವು. ಮಣಲೇರ ತನ್ನ ನಾಯಿಗೆ ಕಲ್ಲು ನೆಡಿಸಿ, ಭೂಮಿ ಬಿಡಿಸಿ, ಪೂಜೆ ತಪ್ಪಿಸಿದವನಿಗೆ ಪಾಪ ಅಂತ ಬರೆಸಿದ. ಕಲ್ಲಿನ ಮೇಲೆ ನಾಯಿ, ಹಂದಿ ಇಬ್ಬರೂ ಇದ್ದಾರೆ.

ನಾವು ಕರಿಯ ಅಂತ ಹೆಸರಿಟ್ಟಾಗ ಈ ಕಾಳಿ ಕಥೆ ನನಗೆ ಗೊತ್ತಿರಲಿಲ್ಲ. ಸಾವಿರ ವರ್ಷದ ಹಿಂದೆ ಇದೇ ಸೀಮೇಲಿ ಒಬ್ಬ ಮನುಷ್ಯ ನಾಯಿಯ ದುಡಿಮೆಯನ್ನ ಲೆಕ್ಕಕ್ಕೆ ಬರೆದಿಟ್ಟ. ನಮಗೆ ಕಲ್ಲು ನೆಡೋದು ಬೇಡ. ಸತ್ತ ಮೇಲೆ ಏನೂ ಮಾಡೋದೂ ಬೇಡ. ಇರೋವಾಗ ಇಷ್ಟು ಮಾಡೋಣ:

ಬಾಗಿಲ ಮುಂದೆ ಒಂದು ಮಣ್ಣಿನ ಬಾನಿ. ಭಾರ ಇರಲಿ, ಉರುಳಬಾರದು. ಈಗ ದಿನಾ ಅದಕ್ಕೆ ನೀರು ತುಂಬೋದು ನಮ್ಮಜ್ಜಿ.

ಕಟ್ಟಲೇಬೇಕಾದ್ರೆ ಉದ್ದ ಹಗ್ಗ. ಬೆಳಗಿನ ನೆರಳಲ್ಲ, ಮಧ್ಯಾಹ್ನದ ನೆರಳು ಎಲ್ಲಿ ಬೀಳುತ್ತೆ ನೋಡಿ ಕಟ್ಟಿ. ರಾತ್ರಿ ಕಬ್ಬಿನ ಗದ್ದೆ ಪಕ್ಕ ಕಟ್ಟಬೇಡಿ, ಚಿರತೆಗೆ ಕಟ್ಟಿದ ನಾಯಿ ಬಡಿಸಿಟ್ಟ ಊಟ.

ಮಳೆ, ಚಳಿಗೆ ಒಂದು ಹಲಗೆ, ಒಂದು ಹಳೇ ಗೋಣಿಚೀಲ. ನೆಲದಿಂದ ನಾಲ್ಕು ಬೆರಳು ಎತ್ತರ ಇದ್ರೆ ಸಾಕು.

ಮರಿಗೆ ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವರ್ಷ ವರ್ಷ. ಬೇಡದ ಮರಿ ಹುಟ್ಟೋ ಮೊದಲೇ ಆಪರೇಷನ್.

ಹೋದ ತಿಂಗಳು ನಾವು ಮೂವರು ಹುಡುಗೀರು ಸೇರಿ ನಮ್ಮ ಬೀದಿಯ ಒಂಬತ್ತು ನಾಯಿಗಳ ಪಟ್ಟಿ ಮಾಡಿದ್ವಿ. ಪ್ರತಿ ನಾಯಿಯ ಮುಂದೆ ಮುದ್ದೆ ಹಾಕೋ ಮನೆ ಹೆಸರು, ಲಸಿಕೆ ತಾರೀಖು. ಏಳರ ಮುಂದೆ ತಾರೀಖಿನ ಜಾಗ ಖಾಲಿ. ಸಂಕ್ರಾಂತಿ ಕಳೆದ ಮೇಲೆ ಪಂಚಾಯಿತಿಗೆ ಪಟ್ಟಿ ಹಿಡ್ಕೊಂಡು ಹೋಗಿ ಲಸಿಕೆ ಕ್ಯಾಂಪ್ ಕೇಳ್ತೀವಿ. ಕರಿಯನ ಹೆಸರು ಮೊದಲನೇ ಸಾಲಲ್ಲಿದೆ, ಅವನ ತಾರೀಖು ತುಂಬಿದೆ.

ನಿಮ್ಮೂರಲ್ಲಿ ಹೇಗೆ? ನಿಮ್ಮ ನಾಯಿ ನೀರು ಕುಡಿಯೋದು ಎಲ್ಲಿ ಅಂತ ಇವತ್ತು ಒಮ್ಮೆ ನೋಡಿ, ಕಾಮೆಂಟಲ್ಲಿ ಹೇಳಿ. ಬಾನಿ ಇಟ್ಟರೆ ಫೋಟೋ ಕಳಿಸಿ, ಸ್ಟೋರೀಲಿ ಹಾಕ್ತೀನಿ.

#ಹೊಳಲು #ಮಂಡ್ಯ #ಊರನಾಯಿ #ಕರಿಯ #ಒಂದುಬಾನಿನೀರು